ತುದಿ ಮುರಿದ ಎಲೆ

ಉರುವಲಿಗೆಂದು ಒಣಗಿಸಿದ ಜವುಗುಮಣ್ಣು ಉರಿಯುವ ಹೊಗೆಗೆ ಹುಳಿಹಾಲಿನ ವಾಸನೆ ಬೆರೆತರೆ ಈಗಲೂ ನಾನು ಎದ್ದು ಕಿಟಕಿ ತೆರೆಯುತ್ತೇನೆ. ಆಗ ನನಗೆ ಒಂಬತ್ತು ವರ್ಷ. ಕೆರಿ ಎಂಬ ಸೀಮೆಯ ನಮ್ಮ ಹಳ್ಳಿಯಲ್ಲಿ ಮೇ ತಿಂಗಳ ಮೊದಲ ಬೆಳಗ್ಗೆ ಯಾರೂ ಇನ್ನೊಬ್ಬರ ಹುಲ್ಲುಗಾವಲು ತುಳಿಯುತ್ತಿರಲಿಲ್ಲ. ಅಲ್ಲಿನ ಇಬ್ಬನಿಯನ್ನು ಬಟ್ಟೆಗೆ ಹೀರಿಸಿ ಒಯ್ದವರ ಹಿಂದೆ ಆ ಹುಲ್ಲುಗಾವಲಿನ ಮನೆಯವರ ಬೆಣ್ಣೆಯೂ ಹೋಗುತ್ತದೆಂದು ನಂಬಿಕೆ.

ಆ ಬೆಳಗ್ಗೆ ನಮ್ಮ ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಹೋಗುತ್ತಿದ್ದವಳು ಪಕ್ಕದ ಮನೆಯ ಗಾಬ್ನೆಟ್ ಚಿಕ್ಕಮ್ಮ. ನನಗೆ ಜ್ವರ ಬಂದಾಗ ಮೂರು ರಾತ್ರಿ ತೊಡೆಯ ಮೇಲೆ ಮಲಗಿಸಿಕೊಂಡವಳು. ಅವಳು ನಡೆದಲ್ಲಿ ಹುಲ್ಲು ಬಾಗಲೇ ಇಲ್ಲ.

ಅಂದಿನಿಂದ ಅಮ್ಮ ಎಷ್ಟು ಕಡೆದರೂ ಬರೀ ನೊರೆ. ಬಿಸಿಲಿನಲ್ಲೂ ಕಡೆಯುವ ಪೀಪಾಯಿ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಚಳಿಗಾಲಕ್ಕೆ ನಮಗಿದ್ದ ಆಧಾರ ಆ ಬೆಣ್ಣೆಯೊಂದೇ.

"ಚಿಕ್ಕಮ್ಮನ್ನ ಕಣ್ಣಾರೆ ನೋಡ್ದೆ ಕಣಮ್ಮ."

"ಬಾಯ್ಮುಚ್ಚು! ನಿನ್ನನ್ನ ಮೊದ್ಲು ಎತ್ಕೊಂಡ ಕೈ ಅದು. ಅವ್ಳಿಗೆ ಹಸುನೇ ಇಲ್ಲ, ಇಬ್ಬನಿ ತಗೊಂಡು ತಲೆಗೆ ಹುಯ್ಕೋತಾಳಾ?"

ಒತ್ತಲು ಬೆಣ್ಣೆಯೇ ಇಲ್ಲದೆ, ಬೆಣ್ಣೆಮುದ್ದೆಗೆ ಒತ್ತುವ ಮರದ ಅಚ್ಚನ್ನು ಅಮ್ಮ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಅಚ್ಚಿನಲ್ಲಿ ಕೆತ್ತಿದ್ದ ಎಲೆಯ ತುದಿ ಮುರಿದಿತ್ತು. ಬೀಗದ ಕೈ ಅವಳ ಕೊರಳಲ್ಲೇ ಇರುತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಚಿಕ್ಕಮ್ಮ ನನ್ನನ್ನು ಕರೆದಳು.

"ಬಾರೇ ನೋರೀನ್, ಏನೇ ಹೀಗೆ ಸೊರಗಿದ್ದೀಯ? ಗಾಳಿ ಬಂದ್ರೆ ಹಾರ್ಹೋಗ್ತೀಯ ನೋಡು!"

ಅವಳ ಮೇಜಿನ ಮೇಲೆ ಬಿಸಿ ರೊಟ್ಟಿಯ ಪಕ್ಕದಲ್ಲಿ ದೊಡ್ಡ ಬೆಣ್ಣೆಮುದ್ದೆ. ಅದರ ಮೇಲೆ ತುದಿ ಮುರಿದ ಎಲೆ.

ನಾನು ಅದನ್ನೇ ನೋಡುತ್ತಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಇನ್ನೊಂದು ತಟ್ಟೆಗೆ ಆ ಬೆಣ್ಣೆ ತುಂಬಿಸಿ, ಇಬ್ಬನಿ ಹೀರಿದ್ದ ಅದೇ ಬಿಳಿ ಬಟ್ಟೆ ಮುಚ್ಚಿದಳು. ಬಟ್ಟೆ ಇನ್ನೂ ಒದ್ದೆಯಾಗಿತ್ತು.

"ಇದು ಅಮ್ಮಂಗೆ" ಎಂದು ಮೆಲ್ಲಗೆ ನನ್ನ ಕೈಗಿಟ್ಟಳು.