ಹತ್ತಿ ಸೀಜನ್ನಿನಲ್ಲಿ ಹೊರಟ ಜೋಡಿ

ಗಂಡ ಮೊಬೈಲನ್ನು ಬೆನ್ನ ಹಿಂದೆ ಮುಚ್ಚಿಟ್ಟದ್ದನ್ನು ಚಂದನಾ ನೋಡಿಬಿಟ್ಟಳು.

ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮಾಳಿಗೆ ಹತ್ತಿದವಳಿಗೆ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಒಬ್ಬನೇ ನಗುತ್ತಿದ್ದ ಜಗದೀಶ ಕಂಡ. ಅವಳನ್ನು ಕಂಡದ್ದೇ ತಡ, ನಗು ಮಾಯವಾಯಿತು. ಮೊಬೈಲೂ ಮಾಯವಾಯಿತು.

"ಯಾರ್ರೀ ಆಕಿ?" ಎಂದಳು, ಬಕೆಟ್ ಕೆಳಗಿಡದೆ.

"ಯಾವಾಕಿ?"

"ನಿಮ್ಮನ್ನ ಇಷ್ಟು ಚಂದ ನಗಸಾಕಿ."

ಅವನ ಕಿವಿ ಕೆಂಪಾಯಿತು. ಮೊಬೈಲನ್ನು ಅವಳತ್ತ ಚಾಚಿದ. ಪರದೆಯ ತುಂಬ ಹಿಮ. ನಡುವೆ ಒಂದು ಪುಟ್ಟ ಮರದ ಮನೆ, ಕಿಟಕಿಯಲ್ಲಿ ಹಳದಿ ದೀಪ.

"ಜನವರಿಗೆ ಹೋಗಾಕ ಊರು ನೋಡಾಕತ್ತಿದ್ದೆ. ಪ್ರತಿ ವರ್ಷ ನೋಡ್ತೀನಿ. ಹೋಗೂದಿಲ್ಲ, ಸುಮ್ನ ನೋಡ್ತೀನಿ."

"ಒಬ್ರ?"

"ಇಷ್ಟು ದಿನ ಒಬ್ಬನಿಗೆ ನೋಡ್ತಿದ್ದೆ," ಎಂದ ಜಗದೀಶ, ಅವಳ ಕಾಲ್ಬೆರಳಿನ ಹೊಸ ಕಾಲುಂಗುರ ನೋಡುತ್ತ. "ಈ ವರ್ಷ ಇಬ್ಬರಿಗೆ ನೋಡಾಕತ್ತೀನಿ."

ಚಂದನಾ ಬಕೆಟ್ ಕೆಳಗಿಟ್ಟಳು. ಕೈಯಲ್ಲಿದ್ದ ಒದ್ದೆ ಟವೆಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಂಡಿದಳು.

ಆ ಮನೆಯಲ್ಲಿ ಚಳಿಗಾಲ ಎಂದರೆ ಹತ್ತಿ. ಮಾವ ಮಾರೆಣ್ಣನವರದು ತೆಲುಗು ಸೀಮೆಯ ಆದೋನಿ ಮಾರ್ಕೆಟ್ಟಿನಲ್ಲಿ ಹತ್ತಿ ಕಮಿಷನ್ ಅಂಗಡಿ. ದಸರಾ ಕಳೆದರೆ ಸಾಕು, ಹಾಲಹರವಿ, ದೇವನಕೊಂಡದ ಕಡೆಯಿಂದ ಹತ್ತಿ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು. ಮಾರೆಣ್ಣ, ಹಿರಿಯ ಮಗ ಭೀಮಣ್ಣ, ಕಿರಿಯ ಜಗದೀಶ, ಮೂವರೂ ಹೊತ್ತು ಮುಳುಗಿದ ಮೇಲೆ ಕೂದಲಲ್ಲಿ ಹತ್ತಿಯ ನಾರು ಹೊತ್ತು ಮನೆಗೆ ಬರುತ್ತಿದ್ದರು. ಊರು ತಿರುಗುವುದೇನಿದ್ದರೂ ಬೇಸಿಗೆಯಲ್ಲಿ, ಟೆಂಪೋ ಮಾಡಿಕೊಂಡು, ಮನೆಮಂದಿಯೆಲ್ಲ ಒಟ್ಟಿಗೆ. ಎಲ್ಲಿಗೆ ಹೋಗಬೇಕೆಂದು ಹೇಳುವವರು ಮಾರೆಣ್ಣ ಒಬ್ಬರೇ.

ಚಂದನಾ ನಾಗಲದಿನ್ನೆಯ ಹುಡುಗಿ. ಆದೋನಿಯ ಜೂನಿಯರ್ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ಅವಳಿಗೆ ಬಿಡುವು ಸಿಗುತ್ತಿದ್ದದ್ದು ಸಂಕ್ರಾಂತಿ ರಜೆಯಲ್ಲಿ ಮಾತ್ರ.

ಮರುದಿನದಿಂದ ಆಟ ಶುರುವಾಯಿತು. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ, ಪಡಸಾಲೆಯಲ್ಲಿ ಅಪ್ಪನ ಪಕ್ಕ ಕೂತ ಜಗದೀಶ ಒಂದು ಫೋಟೋ ಕಳಿಸುತ್ತಿದ್ದ. ಮೊದಲು ಬಂದದ್ದು ಜೈಸಲ್ಮೇರಿನ ಮರಳ ದಿಬ್ಬ, ಅದರ ಮೇಲೆ ಒಂಟೆ.

"ಮರಳು ಬ್ಯಾಡ್ರಿ. ನಮ್ಮೂರ ಹೊಳಿ ದಂಡ್ಯಾಗ ಬೇಕಾದಷ್ಟು ಐತಿ," ಎಂದು ಹಿಟ್ಟಿನ ಬೆರಳಿನಲ್ಲೇ ಉತ್ತರ ಬರೆದಳು.

ಪಡಸಾಲೆಯಲ್ಲಿ ಕೆಮ್ಮು ಕೇಳಿಸಿತು. ನಗು ನುಂಗಿದವನ ಕೆಮ್ಮು.

"ಗೋವಾ?"

"ನಿಮ್ಮ ದೋಸ್ತರೆಲ್ಲ ಅಲ್ಲೇ ಸಿಗ್ತಾರ. ನನ್ನ ಮರತು ಹೋಗ್ತೀರಿ."

"ಕೇರಳ, ಬೋಟ್ ಹೌಸ್?"

"ಜನವರ್ಯಾಗೂ ಬೆವರು ಒರಸಿಕೊಳ್ಳಾದು ಆದ್ರ ಆದೋನಿ ಯಾಕ ಬಿಡಬೇಕು?"

ಎಷ್ಟು ದೊಡ್ಡ ದೇಶ ಇದು ಎಂದು ಚಂದನಾಗೆ ಆಗಲೇ ಹೊಳೆದದ್ದು. ಇಲ್ಲಿ ಬೆಳಗ್ಗೆ ಸ್ವೆಟರು, ಮಧ್ಯಾಹ್ನ ಫ್ಯಾನು. ಅದೇ ದಿನ ಲಡಾಖಿನಲ್ಲಿ ಹೊಳೆ ಗಟ್ಟಿಯಾಗಿ ಅದರ ಮೇಲೆ ಮನುಷ್ಯರು ನಡೆಯುತ್ತಾರೆ. ಕಛ್‌ನಲ್ಲಿ ಉಪ್ಪಿನ ಬಯಲು ಬೆಳ್ಳಗೆ ಬಿದ್ದುಕೊಂಡಿರುತ್ತದೆ. ಚಿಲಿಕಾ ಸರೋವರಕ್ಕೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಇಳಿದಿರುತ್ತವೆ. ಹಕ್ಕಿಗೂ ಚಳಿಗಾಲದಲ್ಲಿ ಹೋಗಲು ಒಂದು ಊರಿದೆ.

ಕಛ್‌ನ ಉಪ್ಪಿನ ಬಯಲು ಬಂದಾಗ, "ಬಿಳೀದು ನೋಡಿ ನೋಡಿ ಸಾಕಾಗೈತಿ, ಮನಿ ತುಂಬ ಹತ್ತಿ" ಎಂದಳು. ಹಿಮದ ಊರಿಗೂ ಅದೇ ಉತ್ತರ. "ಹಂಗಾರ ನೀನ ಹೇಳು," ಎಂದು ಕೈ ಮುಗಿಯುವ ಚಿತ್ರ ಬಂತು.

ಅವಳು ಕಳಿಸಿದ್ದು ಒಂದು ನದಿಯ ಫೋಟೋ. ಮೇಘಾಲಯದ ದೌಕಿ ಎಂಬ ಊರು. ಚಳಿಗಾಲದಲ್ಲಿ ನೀರು ಎಷ್ಟು ತಿಳಿಯಾಗಿತ್ತೆಂದರೆ ದೋಣಿ ನೀರಿನ ಮೇಲಲ್ಲ, ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ದೋಣಿಯ ನೆರಳು ಕೆಳಗೆ ಕಲ್ಲುಗಳ ಮೇಲೆ ಬಿದ್ದಿತ್ತು.

ಉತ್ತರದ ಬದಲು ಜಗದೀಶನೇ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದ. ಚೊಂಬು ಎತ್ತಿಕೊಂಡ, ಕುಡಿಯಲಿಲ್ಲ. ಅವಳ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಒಂದು ಬೆರಳಿನಿಂದ ಒರೆಸಿ, "ಇದೇ," ಎಂದು ಹೇಳಿ ಹೋದ.

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ವಾರಗಿತ್ತಿ ಮಲ್ಲೇಶ್ವರಿ ತಲೆ ಎತ್ತಲಿಲ್ಲ. "ನಾ ಏನೂ ನೋಡಿಲ್ಲವ್ವ," ಎಂದಳು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಾರೆಣ್ಣನವರೇ ಮಾತು ತೆಗೆದರು. "ಈ ಬ್ಯಾಸಿಗಿಗೆ ಊಟಿ. ಹೊಸ ಸೊಸಿ ಬಂದಾಳ, ಎಲ್ಲಾರೂ ಕೂಡಿ ಹೋಗೋಣು."

ಚಂದನಾ ಸಾರಿನ ಪಾತ್ರೆ ಕೆಳಗಿಟ್ಟಳು.

"ಮಾವ, ಬ್ಯಾಸಿಗಿಗೆ ಎಲ್ಲಾರ ಜೋಡಿ ಬರ್ತೀನಿ. ಆದ್ರ ಜನವರಿಗೆ ನಾವಿಬ್ರೂ ಮೇಘಾಲಯಕ್ಕ ಹೋಗಬೇಕಂತ ಮಾಡೀವಿ."

ಮಾರೆಣ್ಣ ತುತ್ತನ್ನು ಹಾಗೇ ಹಿಡಿದು ಮಗನ ಕಡೆ ತಿರುಗಿದರು. "ಮಾಡೀವಿ ಅಂದ್ರ? ಯಾರ್ಯಾರು ಮಾಡೀರಿ? ಹತ್ತಿ ಸೀಜನ್ನಿನ್ಯಾಗ ಈ ಮನಿಯಿಂದ ಯಾರಾರ ಹೊರಗ ಕಾಲಿಟ್ಟಾರೇನೋ ಜಗ್ಗ್ಯಾ? ನೀನೂ ಹಂಗ ಅಂದೇನು?"

ಜಗದೀಶ ತಟ್ಟೆ ನೋಡಿದ. "ಏನಿಲ್ಲಪ್ಪ," ಎಂದ. "ಸುಮ್ನ ಮಾತಾಡಿದ್ವಿ."

ಅಷ್ಟೇ. ಮಾರೆಣ್ಣ ಊಟ ಮುಂದುವರಿಸಿದರು. ಚಂದನಾ ಎಲ್ಲರಿಗೂ ಮಜ್ಜಿಗೆ ಬಡಿಸಿದಳು, ಗಂಡನಿಗೂ ಬಡಿಸಿದಳು. ಅವನು ಅವಳ ಕಣ್ಣು ಹುಡುಕಿದ. ಅವಳು ಅವನತ್ತ ನೋಡಲಿಲ್ಲ.

ಆಮೇಲೆ ಬಂದ ಫೋಟೋಗಳಿಗೆ ಉತ್ತರ ಹೋಗಲಿಲ್ಲ. ಕಾಲೇಜಿಗೆ ಬಿಡುವಾಗ ಬೈಕಿನ ಮೇಲೆ ಅವನ ಹೆಗಲು ಹಿಡಿಯುತ್ತಿದ್ದ ಕೈ, ಈಗ ಹಿಂದಿನ ಕಂಬಿ ಹಿಡಿಯಿತು. ಮೂರನೆಯ ಬೆಳಗ್ಗೆ ಅವನೇ ಬೈಕ್ ನಿಲ್ಲಿಸಿದ.

"ಎಷ್ಟು ದಿನ ಸಿಟ್ಟು?"

"ಸಿಟ್ಟಲ್ರಿ. ಸುಮ್ನ ಮಾತಾಡಿದ್ವಿ ಅಂದ್ರಲ್ಲ, ಆ ಮಾತು ಹತ್ತೈತಿ ನನಗ. ನಾ ಸುಮ್ನ ಮಾತಾಡಿದ್ದಿಲ್ಲ." ಅವಳು ಸೆರಗು ಸರಿಮಾಡಿಕೊಂಡಳು. "ನಾ ಹೊಂಟೀನಿ. ನನ್ನ ರಜಾ ಐತಿ, ನನ್ನ ಸಂಬಳ ಐತಿ. ಒಬ್ಬಾಕಿನ ಹೋಗ್ತೀನಿ. ನೀವು ಮತ್ತ ಮಾಳಿಗಿ ಮ್ಯಾಲೆ ಕುಂತು ಫೋಟೋ ನೋಡ್ರಿ."

ಜಗದೀಶ ರಸ್ತೆಯ ಆಚೆ ನೋಡಿದ. "ಅಪ್ಪನ ಮುಂದ ನಿಂತ್ರ ನನ್ನ ನಾಲಗಿ ಎತ್ತಾಕ ಬರಂಗಿಲ್ಲ ಚಂದೂ. ಸಣ್ಣಾವಿದ್ದಾಗಿಂದ ಹಂಗ. ಮದುವಿ ಒಂದು ನಾ ಹಟ ಮಾಡಿದ್ದು. ನೀನ ಬೇಕಂತ."

ಅದು ಅವಳಿಗೆ ಗೊತ್ತಿರಲಿಲ್ಲ. "ಹಿರಿಯರು ನೋಡಿ ಒಪ್ಪಿದ್ದು ಅಂದಿದ್ರು?"

"ಅಪ್ಪ ಬ್ಯಾರೆ ಹುಡುಗೀನ ಗೊತ್ತು ಮಾಡಿದ್ದ. ನಾ ನಿನ್ನ ಹೊಳಗುಂದದ ಮದುವ್ಯಾಗ ನೋಡಿದ್ದೆ. ಕರೆಂಟ್ ಹೋಗಿ ಎಲ್ಲಾರೂ ಒದರ್ಯಾಡಾಕತ್ತಿದ್ರ, ನೀ ಒಬ್ಬಾಕಿನ ನಕ್ಕೋಂತ ಕುಂತಿದ್ದಿ. ಊಟ ಬಿಟ್ಟು ಹಟ ಹಿಡಿದೆ."

ಚಂದನಾಗೆ ನಗು ಬಂತು, ಕಣ್ಣೂ ತುಂಬಿತು. ಎರಡನ್ನೂ ತಡೆದಳು. "ಒಂದು ಸಲ ಹಟ ಮಾಡಿದಾವರಿಗೆ ಎರಡನೇದು ಯಾಕ ಬರಂಗಿಲ್ಲ?"

ಅವನು ಬೈಕ್ ಚಾಲೂ ಮಾಡಿದ. ಕಾಲೇಜಿನ ಕಡೆಗಲ್ಲ, ಮಾರ್ಕೆಟ್ಟಿನ ಕಡೆಗೆ ತಿರುಗಿಸಿದ.

ಮಾರ್ಕೆಟ್ಟಿನ ತುಂಬ ಹತ್ತಿಯ ಬಿಳಿ ರಾಶಿ. ಹರಾಜು ಇನ್ನೂ ಶುರುವಾಗಿರಲಿಲ್ಲ. ಮಾರೆಣ್ಣ ಒಂದು ಹಿಡಿ ಹತ್ತಿ ಎಳೆದು ನೋಡುತ್ತ, ದೇವನಕೊಂಡದ ರೈತನೊಬ್ಬನ ಜೊತೆ ತೆಲುಗಿನಲ್ಲಿ ವಾದ ಮಾಡುತ್ತಿದ್ದರು. ಮಗನ ಹಿಂದೆ ಸೊಸೆಯನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಅಪ್ಪ," ಎಂದ ಜಗದೀಶ. ದನಿ ಸೀಳಿತು. ಇನ್ನೊಮ್ಮೆ ಹೇಳಿದ, ಜೋರಾಗಿ. "ಅಪ್ಪ, ಆಕಿ ಹೇಳಿದ್ದು ಖರೇ. ಸಂಕ್ರಾಂತಿ ರಜಾಕ್ಕ ನಾವಿಬ್ರೂ ಹೊಂಟೀವಿ. ಒಂದು ವಾರ. ಅಣ್ಣಗ ಹೇಳ್ತೀನಿ, ನನ್ನ ಕೆಲಸ ಅಂವ ನೋಡ್ತಾನ."

ಸುತ್ತಲಿನ ಹಮಾಲರು ಕೈ ನಿಲ್ಲಿಸಿದರು.

"ನನ್ನ ಮಾತು ದಾಟಿ ಹೋದ್ರ," ಎಂದರು ಮಾರೆಣ್ಣ, ನಿಧಾನವಾಗಿ, "ತಿರುಗಿ ಆ ಮನಿಗೆ ಬರಬ್ಯಾಡ."

ಚಂದನಾ ಗಂಡನ ಕುತ್ತಿಗೆಯ ಹಿಂಭಾಗ ನೋಡುತ್ತಿದ್ದಳು. ಅಲ್ಲಿ ಬೆವರು ಮೂಡಿತ್ತು. ಈಗ ತಲೆ ತಗ್ಗುತ್ತದೆ ಎಂದುಕೊಂಡಳು. ತಗ್ಗಲಿಲ್ಲ.

"ಬರ್ತೀವಪ್ಪ. ಬಂದು ಬಾಗಿಲಾ ಬಡೀತೀವಿ. ನೀ ತಗೀದಿದ್ರ ಕಾಲೇಜ್ ರೋಡಿನ್ಯಾಗ ಮನಿ ಮಾಡ್ತೀವಿ. ಅಂಗಡಿಗೆ ಮಾತ್ರ ದಿನಾ ಬರ್ತೀನಿ. ನೀ ಬೈದ್ರೂ ಬರ್ತೀನಿ. ಆದ್ರ ಹೋಗೂದು ಹೋಗ್ತೀನಿ."

"ಪೋನೀ ಮಾರೆಣ್ಣಾ," ಎಂದ ಆ ರೈತ, ಹೋಗಲಿ ಬಿಡು ಎಂಬಂತೆ ಕೈಯಾಡಿಸಿ.

"ನಿನ್ನ ಹತ್ತಿ ನೀ ನೋಡಪ್ಪ!" ಎಂದು ಮಾರೆಣ್ಣ ಅವನ ಮೇಲೆ ರೇಗಿ, ಬೆನ್ನು ತಿರುಗಿಸಿ ನಡೆದರು.

ಬೈಕ್ ಹತ್ತುವಾಗ ಜಗದೀಶನಿಗೆ ಎರಡು ಸಲ ಕೀಲಿ ತೂರಿಸಲು ಬರಲಿಲ್ಲ. ಚಂದನಾ ಕೀಲಿ ಕಸಿದುಕೊಂಡಳು. "ಹಿಂದ ಕುಂದರ್ರಿ," ಎಂದಳು. ಆದೋನಿಯ ನಡುಬಜಾರಿನಲ್ಲಿ ಹೊಸ ಸೊಸೆ ಬೈಕ್ ಓಡಿಸಿದಳು. ಮಾರೆಣ್ಣನ ಮಗ ಹಿಂದೆ ಕೂತು ಅವಳ ಹೆಗಲು ಹಿಡಿದಿದ್ದ. ನೋಡುವವರೆಲ್ಲ ನೋಡಿದರು.

ಹೊರಡುವ ದಿನ ಮಾವ ಬೆಳಕು ಹರಿಯುವ ಮೊದಲೇ ಅಂಗಡಿಗೆ ಹೋದರು. ಅತ್ತೆ ಜಂಬಮ್ಮ ದೇವರ ಕೋಣೆಯಿಂದ ಹೊರಗೇ ಬರಲಿಲ್ಲ. ಸ್ಟೇಷನ್ನಿಗೆ ಬಂದವಳು ಮಲ್ಲೇಶ್ವರಿ ಒಬ್ಬಳೇ. ಚೆನ್ನೈ ಕಡೆಯ ರೈಲು ಬಂದು ನಿಂತಾಗ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕಿಟಕಿಯೊಳಗೆ ತೂರಿಸಿದಳು.

"ಅಕ್ಕ, ಮಾವ ನಿಮಗ ಬೈತಾರ," ಎಂದಳು ಚಂದನಾ.

"ಬಯ್ಯಲಿ. ಈ ಮನಿ ಸೇರಿದಾಗಿಂದ ನಾವು ಗಂಡ ಹೆಂಡ್ತಿ ಇಬ್ರ ಬಾಜೂಕಿನ ಗುಂತಕಲ್ ಸೈತ ದಾಟಿಲ್ಲ." ಮಲ್ಲೇಶ್ವರಿ ಕಿಟಕಿಯ ಸರಳು ಹಿಡಿದಳು. "ಮುಂದಿನ ವರ್ಷ ನಂದು ಪಾಳಿ. ನಿಮ್ಮ ಭಾವಗ ಈಗ ಹೇಳಿಟ್ಟೀನಿ. ಅಂವ ಬರಲಿಲ್ಲಂದ್ರ ನೀ ನನ್ನ ಕರಕೊಂಡು ಹೋಗಬೇಕು."

ಚೆನ್ನೈಯಿಂದ ಗುವಾಹಟಿಗೆ ವಿಮಾನ. ಮೋಡದ ಮೇಲೆ ಜಗದೀಶ ಕಣ್ಣು ಮುಚ್ಚಿ ಅವಳ ಕೈ ಹಿಡಿದ, ಇಳಿದ ಮೇಲೂ ಬಿಡಲಿಲ್ಲ.

ದೌಕಿಯಲ್ಲಿ ಬೆಳಗಿನ ಬಿಸಿಲು ನೀರಿನ ತಳದವರೆಗೂ ಇಳಿದಿತ್ತು. ದೋಣಿಯವನು ಹಾಡೊಂದನ್ನು ಗುನುಗುತ್ತ ಹುಟ್ಟು ಹಾಕುತ್ತಿದ್ದ. ಚಂದನಾ ಬಗ್ಗಿ ಕೈ ಅದ್ದಿದಳು. ಎಷ್ಟು ತಣ್ಣಗೆ ಎಂದರೆ "ಅವ್ವಾ!" ಎಂದು ಕೂಗಿ, ಒದ್ದೆ ಕೈಯನ್ನು ಗಂಡನ ಕೊರಳಿಗೆ ಒತ್ತಿದಳು. ಅವನು ಬೆಚ್ಚಿಬಿದ್ದ, ದೋಣಿ ಅಲುಗಿತು, ದೋಣಿಯವನು ಹಿಂದಿಯಲ್ಲಿ ಗದರಿದ. ಇಬ್ಬರೂ ಮಕ್ಕಳಂತೆ ನಕ್ಕರು.

"ಹೊಳಗುಂದದ ಮದುವ್ಯಾಗ ಹಿಂಗ ನಗ್ತಿದ್ದಿ," ಎಂದ ಜಗದೀಶ. "ಅವತ್ತ ನಾ ಸತ್ತೋಗಿದ್ದೆ."

"ಈಗ?"

"ಈಗ ಬದುಕೀನಿ."

ಅಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು. ಪರದೆಯ ಮೇಲೆ 'ಅಪ್ಪ'.

ಚಂದನಾಳ ನಗು ನಿಂತಿತು. ಬೈಗುಳವೋ, ಹರಾಜಿನ ವಿಚಾರವೋ, ಇನ್ನೇನೋ. ಇಷ್ಟು ದಿನ ಮೊದಲ ರಿಂಗಿಗೇ ಎದ್ದು ನಿಂತು "ಹ್ಞಾಂ ಅಪ್ಪ" ಎನ್ನುತ್ತಿದ್ದವನು ಇವನು. "ಎತ್ರಿ," ಎಂದಳು ಮೆಲ್ಲಗೆ.

ಜಗದೀಶ ಪರದೆಯನ್ನು ನೋಡಿದ. ಮೊಬೈಲನ್ನು ಕಿವಿಗೆ ಹಿಡಿದ.

"ಅಪ್ಪ, ಆರಾಮ ಅದೀವಿ. ಸಂಜಿಕೆ ಮಾತಾಡ್ತೀನಿ. ಈಗ ನನ್ನ ಹೆಂಡ್ತಿ ಜೋಡಿ ಅದೀನಿ."

ಆ ಕಡೆಯಿಂದ ಏನೋ ಕೇಳಿಬಂತು. ಅವನು ಪೂರ್ತಿ ಕೇಳಿಸಿಕೊಂಡ, "ಹೂಂ" ಎಂದ, ಮೊಬೈಲ್ ಆಫ್ ಮಾಡಿ ಜೇಬಿಗಿಟ್ಟ.

"ಏನಂದ್ರು?"

"ಬೈದ," ಎಂದ ಜಗದೀಶ. ಅವಳ ಪಕ್ಕಕ್ಕೆ ಸರಿದು ಕೂತ, ಹೆಗಲ ಮೇಲೆ ಕೈ ಹಾಕಿದ, ದೋಣಿಯವನತ್ತ ನೋಡಿ ಹರಕುಮುರುಕು ಹಿಂದಿಯಲ್ಲಿ ಹೇಳಿದ: "ಭಾಯಿ, ಇನ್ನೂ ದೂರ ನಡಿ."