ಪಿಳ್ಳಮ್ಮನ ಲಿಫ್ಟ್‌ಗೆ ಅಡ್ಡಬಂದ ವಾಯಿದೆ

“ನಾಚಿಕೆ ಆಗಲ್ವೇನ್ರೀ ನಿಮಗೆ?”

ಮೇಯೋಹಾಲ್ ಕೋರ್ಟಿನ ಕಾರಿಡಾರಿನಲ್ಲಿ ವಕೀಲೆ ಬೃಂದಾ ಕೇಳಿದ ರೀತಿಗೆ ಸುಗತ ಬೆಚ್ಚಿದ. ಅವನೂ ವಕೀಲನೇ. ಇಬ್ಬರೂ ಮಾತಾಡುತ್ತಿದ್ದುದು ಇದೇ ಮೊದಲು.

“ಏನಾಯ್ತು ಮೇಡಂ?”

“ಈಗ ಒಳಗೆ ಎದ್ದು ವಾಯಿದೆ ಕೇಳಿದ್ರಲ್ಲ... ಯಾವ ಕೇಸು ಅಂತ ಗೊತ್ತಾ?”

ಗೊತ್ತಿರಲಿಲ್ಲ! ಬೇರೆ ಕೋರ್ಟ್ ಹಾಲ್‌ನಲ್ಲಿ ಸಿಕ್ಕಿಕೊಂಡ ವಕೀಲರ ಪರವಾಗಿ ಇಲ್ಲಿದ್ದವರು ಎದ್ದು ಮುಂದಿನ ದಿನಾಂಕ ಕೇಳುವುದು ವಕೀಲರ ವಾಡಿಕೆ. ಹಿರಿಯ ವಕೀಲ ಕೆಂಪರಾಜ್ ಫೋನಿನಲ್ಲಿ ಕೇಸಿನ ನಂಬರ್ ಹೇಳಿದ್ದರು. ಸುಗತ ಎದ್ದ, ಕೇಳಿದ, ಕೂತ.

“ಸಣ್ಣ ಉಪಕಾರ ಅಷ್ಟೇ...”

“ಅದನ್ನ ಇವರಿಗೆ ಹೇಳಿ.”

ಬೆಂಚಿನ ಮೇಲೆ ಪಿಳ್ಳಮ್ಮ ಮಂಡಿ ನೀವಿಕೊಳ್ಳುತ್ತಿದ್ದಳು. ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟೊಂದರ ಏಳನೇ ಮಹಡಿಯಲ್ಲಿ ಆಕೆಗೆ ಮನೆಗೆಲಸ. ಕೆಲಸದವರು ಮುಖ್ಯ ಲಿಫ್ಟ್ ಹತ್ತಕೂಡದೆಂದು ಅಲ್ಲಿನ ಸಂಘ ಬೋರ್ಡ್ ಹಾಕಿತ್ತು. ನಾಯಿಗಳಿಗೆ ಅಡ್ಡಿಯಿರಲಿಲ್ಲ. ಸಾಮಾನಿನ ಲಿಫ್ಟ್ ಯುಗಾದಿಯಿಂದ ಕೆಟ್ಟು ನಿಂತಿತ್ತು. ಮೆಟ್ಟಿಲು ಹತ್ತುವವರು ಸಂಘದ ಸದಸ್ಯರಲ್ಲವಾದ್ದರಿಂದ ದುರಸ್ತಿಗೆ ಅವಸರವೂ ಇರಲಿಲ್ಲ. ಆ ನಿಷೇಧಕ್ಕೆ ತಡೆ ಕೋರಿ ಬೃಂದಾ ದಾವೆ ಹೂಡಿದ್ದಳು. ಸಂಘದ ವಕೀಲರು ಕೆಂಪರಾಜ್.

“ಇನ್ನೂ ಒಂದ್ ತಿಂಗ್ಳು ಹತ್ಬೇಕಾ ಲಾಯರಮ್ಮ? ಕಾಲು ಆಗಲ್ಲ ಅಂತೈತೆ. ಕೆಲ್ಸ ಬಿಟ್ಬಿಡ್ಲಾ?”

ಸುಗತನ ಮುಖ ಬಿಳಿಚಿತು.

“ಮನೇಲಿ ಸುಗತ ಅಂತ ಬುದ್ಧನ ಹೆಸರಿಟ್ಟಿದ್ದಾರೆ,” ಬೃಂದಾ ನಕ್ಕಳು. “ಎದ್ದು ನಿಂತಿದ್ದು ಮಾತ್ರ ಕೆಂಪರಾಜ್‌ಗೆ!”

ಮರುವಾರ ಹಲಸೂರಿನ ಟೀ ಅಂಗಡಿಯಲ್ಲಿ ಅವನು ಮಾತಾಡಿಸಲು ಬಂದಾಗ ಅವಳು ಅರ್ಧ ಟೀ ಬಿಟ್ಟು ಹೊರಟಳು. ಕೆಂಪರಾಜ್ ಚೇಲಾ!

ಆದರೆ ಬಿಳಿಚಿದ ಆ ಮುಖ ಯಾಕೆ ಮತ್ತೆ ಮತ್ತೆ ನೆನಪಾಗಬೇಕು...? ಛೀ!

ಮುಂದಿನ ವಿಚಾರಣೆಗೂ ಕೆಂಪರಾಜ್ ಬರಲಿಲ್ಲ. ಸುಗತ ಎದ್ದ.

‘ಮತ್ತೆ...!’ ಬೃಂದಾ ಫೈಲು ಹಿಡಿದು ತಾನೂ ಎದ್ದಳು.

“ಸ್ವಾಮಿ, ವಾಯಿದೆ ಕೇಳು ಅಂತ ಕೆಂಪರಾಜ್ ಸರ್ ಫೋನ್ ಮಾಡಿದ್ರು. ಈ ಕೇಸಲ್ಲಿ ಕೇಳಲ್ಲ ಅಂತ ಬೆಳಿಗ್ಗೆನೇ ಅವರಿಗೆ ಹೇಳಿದ್ದೀನಿ.”

ಯಾರೋ ಲೊಚಗುಟ್ಟಿದರು. ಸಂಘದ ಲಿಖಿತ ಆಕ್ಷೇಪಣೆ ಮೊದಲೇ ಸಲ್ಲಿಕೆಯಾಗಿತ್ತು. ನ್ಯಾಯಾಧೀಶರು ಬೃಂದಾಳ ವಾದ ಕೇಳಿ, ಬೋರ್ಡಿಗೆ ತಡೆ ಕೊಟ್ಟರು.

ಏದುಸಿರು ಬಿಡುತ್ತಾ ಬಂದ ಕೆಂಪರಾಜ್ ಕಾರಿಡಾರಿನಲ್ಲಿ ಸಿಡುಕಿದರು. “ನಿನ್ ಪರ ಇನ್ಮೇಲೆ ಯಾರೂ ಎದ್ದು ನಿಲ್ಲಲ್ಲ, ನೋಡ್ಕೋ!”

ಸುಗತ ತಲೆ ತಗ್ಗಿಸಿದ. ಬೃಂದಾ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಪಿಳ್ಳಮ್ಮ ಮುಖ್ಯ ಲಿಫ್ಟ್‌ಗೆ ಕಾಲಿಟ್ಟಳು. ಒಳಗೆ ನಾಯಿಯೊಂದಿಗೆ ಸಂಘದ ಕಾರ್ಯದರ್ಶಿ ನಿಂತಿದ್ದರು. ನಾಯಿ ಬಾಲ ಅಲ್ಲಾಡಿಸಿತು. ಅಷ್ಟು ಸೌಜನ್ಯ ಕಲಿಯದ ಒಡೆಯ ಮುಖ ತಿರುಗಿಸಿದರು.

“ಬರ್ತೀನಿ ಲಾಯರಮ್ಮ!” ಬಾಗಿಲು ಮುಚ್ಚಿತು.

ಕೆಳಗೆ ಉಳಿದವರು ಇಬ್ಬರೇ. ಆದೇಶ ಜಾರಿಯಾಗುವುದನ್ನು ನೋಡಲು ಸುಗತನೂ ಬಂದಿದ್ದ.

“ನಾನು ನಿಲ್ತೀನಿ,” ಎಂದಳು ಬೃಂದಾ.

“ಏನು?”

“ನಿಮ್ಮ ಪರ ಯಾರೂ ನಿಲ್ಲಲ್ಲ ಅಂದ್ರಲ್ಲ... ನಾನು ನಿಲ್ತೀನಿ.”

ಅವನು ಒಂದು ಹೆಜ್ಜೆ ಹತ್ತಿರ ಬಂದ. “ಕೋರ್ಟಲ್ಲಿ ಮಾತ್ರಾನಾ...?”

“ಆ ಉತ್ತರಕ್ಕೆ ವಾಯಿದೆ ಬೇಕು.”

“ತಕರಾರಿದೆ ಮೇಡಂ.”

“ಮೇಡಂ ಅಂದ್ರೆ ಅರ್ಜಿ ವಜಾ.”

“ಬೃಂದಾ...”

ಅವಳು ಕೈ ಚಾಚಿದಳು. “ಹ್ಞೂಂ. ಮುಂದುವರಿಸಿ.”