ಗಂಜಿ ಲೋಟದ ಕೊನೆಯ ಕಂತು

"ಕಪಿಲಾ ಅನ್ನೋರ ಮನೆ ಇದೇನಾ?"

ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿ ಆ ವಾರದ ಪತ್ರಿಕೆ ಸುರುಳಿಯಾಗಿ ಮುದುರಿತ್ತು.

ನಯನ ತಲೆಬಾಗಿಲನ್ನು ಅರ್ಧ ಮುಂದೂಡಿದಳು. ಕಪಿಲಾ... ಪತ್ತೇದಾರಿ ಧಾರಾವಾಹಿಗಳ ಕೆಳಗಿನ ಆ ಹೆಸರು ತನ್ನದೆಂದು ನಂಜನಗೂಡಿನಲ್ಲಿ ಬಲ್ಲವರು ಇಬ್ಬರೇ. ಅವಳನ್ನು ಸಾಕಿದ ದೊಡ್ಡಮ್ಮ ಮಲ್ಲಾಜಮ್ಮ, ಇನ್ನೊಬ್ಬ ಅಂಚೆಯ ದೇವರಾಜು.

"ನೀವು ಯಾರು?"

"ನಂಜೇಶ್. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೀನಿ." ಅವನ ದನಿ ಏರಲಿಲ್ಲ. "ನಮ್ಮವ್ವನ್ನ ಕೊಂದೋರು ಯಾರು ಅಂತ ನಿಮಗೆ ಗೊತ್ತಂತೆ. ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವನು ಪತ್ರಿಕೆಯನ್ನು ಬಿಡಿಸಿದ. 'ಗಂಜಿ ಲೋಟ', ಒಂಬತ್ತನೆಯ ಕಂತು. ಮುಡುಕುತೊರೆಯ ಒಂದು ಗೊಬ್ಬರದಂಗಡಿ ಮನೆಯ ಕಥೆ. ಶಿವಪೂಜೆಯಾಗದೆ ತೊಟ್ಟು ನೀರೂ ಮುಟ್ಟದ ಮುದುಕಿ ಒಂದು ಬೆಳಿಗ್ಗೆ ಸತ್ತು ಮಲಗಿದ್ದಾಳೆ. ಹಣೆಯಲ್ಲಿ ವಿಭೂತಿಯಿಲ್ಲ, ಆದರೆ ತುಟಿಯ ಮೇಲೆ ಗಂಜಿ. ಹೂ ಮಾರುವ ಅಜ್ಜಿ ಚಾಮುಂಡಮ್ಮ, ನಯನಳ ಎಲ್ಲ ಕಥೆಗಳ ಪತ್ತೇದಾರಿಣಿ, ಅದನ್ನು ಕಂಡು ಹೇಳುತ್ತಾಳೆ: "ಪೂಜೆ ಮಾಡ್ದೆ ಇವರು ತಾವಾಗಿ ಕುಡಿಯೋರಲ್ಲ. ಯಾರೋ ಕುಡಿಸಿದ್ದಾರೆ."

"ಶಿವರಾತ್ರಿ ಆದ ವಾರ ನಮ್ಮವ್ವ ಹೋದ್ರು. ಹಿಂಗೇ. ಹಣೆ ಖಾಲಿ, ಪಕ್ಕದಲ್ಲಿ ಅರ್ಧ ಲೋಟ ಗಂಜಿ. ಅದನ್ನ ಕೊಟ್ಟೋಳು ನನ್ನ ತಂಗಿ ಮಧುಶ್ರೀ."

ನಯನ ಪತ್ರಿಕೆಯ ಆ ಸಾಲನ್ನು ಮತ್ತೆ ಓದಿದಳು.

"ಮಣ್ಣು ಮಾಡಿ ಬಂದ ಮೇಲೆ ಊರು ಮರೆತಿತ್ತು. ನೀವು ನೆನಪು ಮಾಡಿದ್ರಿ. ಈಗ ನಲ್ಲಿ ಹತ್ರ ಅವಳು ಹೋದ್ರೆ ಹೆಂಗಸ್ರು ಬಿಂದಿಗೆ ಸರಿಸ್ಕೋತಾರೆ. ಅವಳ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲ್ಲ. ಗೊತ್ತಾಗಿದ್ದ ಸಂಬಂಧದವರು ಬೇಡ ಅಂತ ಹೇಳಿ ಕಳಿಸಿದ್ರು. ಆರು ದಿನ ಆಯ್ತು, ಅವಳು ಸರಿಯಾಗಿ ಊಟಕ್ಕೆ ಕೂತಿಲ್ಲ."

"ಅದು ಬರೀ ಕಥೆ... ಊರು, ಹೆಸರು ಎಲ್ಲ ಬದಲಾಯಿಸಿದ್ದೀನಿ."

"ಹಣೆ ಬದಲಾಯಿಸಿಲ್ಲವಲ್ಲ. ಲೋಟ ಬದಲಾಯಿಸಿಲ್ಲವಲ್ಲ."

ಅವಳು ಮಾತು ಬದಲಿಸಿದಳು.

"ನನ್ನ ಹೇಗೆ ಹುಡುಕಿದ್ರಿ?"

"ನಿಮ್ಮ ಹೂವಿನ ಅಜ್ಜಿ ಥರಾನೇ. ಅವ್ವನಿಗೆ ಸ್ನಾನ ಮಾಡಿಸಿ ವಿಭೂತಿ ಇಟ್ಟವರು ನಾಲ್ಕೇ ಹೆಂಗಸ್ರು. ಅದ್ರಲ್ಲಿ ಮನೇಲಿ ಪುಸ್ತಕ ತುಂಬ್ಕೊಂಡಿರೋ ಹುಡುಗಿ ಇರೋದು, ನಂಜನಗೂಡಿಂದ ಬಂದಿದ್ದ ಅವ್ವನ ಗೆಳತಿ ಮಲ್ಲಾಜಮ್ಮನೋರ ಮನೇಲಿ." ಅವನು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ. ಮತ್ತೆ ತಿರುಗಿದ. "ಇನ್ನೆರಡು ಕಂತು ಅಂತ ಹಾಕಿದ್ದಾರೆ. ವಿಷ ಹಾಕಿದ್ದು ಮಗಳೇ ಅಂತ ಬರೀತೀರಾ?"

ಹಾಗೆಂದೇ ಅವಳು ಬರೆಯಲು ಹೊರಟಿದ್ದಳು.

ಅವಳ ಮುಖದಲ್ಲೇ ಅದನ್ನು ಓದಿಕೊಂಡು ಅವನು ಹೊರಟುಹೋದ.

ಅದು ತೊಂಬತ್ತೇಳನೆಯ ಇಸವಿ. ಮೂವತ್ತು ದಾಟಿದ ನಯನಳ ದಿನಚರಿ ದೇವಸ್ಥಾನದ ಗಂಟೆಗೆ ಹೊಂದಿಕೊಂಡಿತ್ತು. ಬೆಳಿಗ್ಗೆ ಕಪಿಲೆಯ ಸೋಪಾನದಲ್ಲಿ ಮಿಂದು, ನಂಜುಂಡೇಶ್ವರನಿಗೆ ಕೈಮುಗಿದು ಬಂದು ಕಿಟಕಿಯ ಬಳಿ ಕೂರುವಳು. ಎದುರಿಗೆ ದೊಡ್ಡಮ್ಮ ಹೂಬತ್ತಿ ಹೊಸೆಯುತ್ತ ಯಾರು ಸತ್ತರು, ಯಾರ ಮನೆ ಒಡೆಯಿತು ಎಂದೆಲ್ಲ ಹೇಳುವರು. ನಯನ ಅದನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಗೀಚಿ ಬಿಸ್ಕತ್ತಿನ ಡಬ್ಬಿಗೆ ಹಾಕುವಳು.

ಕಥೆ ಕಟ್ಟುವಾಗ ಮೊದಲು ಕೊನೆಯನ್ನು ಬರೆಯುವಳು. ತಪ್ಪಿತಸ್ಥರು ಯಾರೆಂದು ಗೊತ್ತುಮಾಡಿಕೊಂಡು, ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಬರುವಳು. ಅವಳ ಕಥೆಗಳಲ್ಲಿ ರಕ್ತ ಚೆಲ್ಲುತ್ತಿರಲಿಲ್ಲ. ಕೊನೆಗೆ ಚಾಮುಂಡಮ್ಮ ಬೆರಳು ತೋರುವಳು, ಜಗಲಿಯಲ್ಲಿ ಉಳಿದವರೆಲ್ಲ ಕಾಫಿ ಕುಡಿಯುವರು. ಓದಿದರೆ ಮನಸ್ಸಿಗೆ ನೆಮ್ಮದಿಯಾಗುತ್ತದೆ ಎಂದು ಓದುಗರು ಪತ್ರ ಬರೆಯುತ್ತಿದ್ದರು.

ಆ ಮಧ್ಯಾಹ್ನ ಅವಳು ಡಬ್ಬಿಯನ್ನು ನೆಲಕ್ಕೆ ಸುರಿದಳು. ಫೆಬ್ರವರಿಯ ಹಾಳೆಯ ಬೆನ್ನಲ್ಲಿ ಅವಳದೇ ಅಕ್ಷರ ಸಿಕ್ಕಿತು.

'ನರಸೀಪುರ. ಗೊಬ್ಬರದಂಗಡಿ ಮನೆ. ಚನ್ನಾಜಮ್ಮ. ಹಣೆ ಖಾಲಿ. ಅರ್ಧ ಲೋಟ ಗಂಜಿ. ಚೆನ್ನಾಗಿದೆ, ಬಳಸಬೇಕು.'

ಚೆನ್ನಾಗಿದೆ...

ಒಬ್ಬ ತಾಯಿಯ ಸಾವಿನ ಪಕ್ಕದಲ್ಲಿ ತಾನು ಬರೆದಿದ್ದ ಮಾತು ಅದು.

"ನೀವು ಹೇಳಿದ್ದು ದೊಡ್ಡಮ್ಮ" ಎಂದಳು, ಹಾಳೆ ಹಿಡಿದು.

ಮಲ್ಲಾಜಮ್ಮನ ಕೈ ಬತ್ತಿಯ ಮೇಲೆ ನಿಂತಿತು. "ನಾ ಕಂಡದ್ದ ಹೇಳ್ದೆ ಕಣವ್ವ. ನೀನು ಅದ್ರೊಳಗೆ ವಿಷ ಹುಯ್ತೀಯ ಅಂತ ನಂಗೇನು ಗೊತ್ತು?"

ಎಸ್‌ಟಿಡಿ ಬೂತಿಗೆ ಓಡಿ ಸಂಪಾದಕರಿಗೆ ಫೋನ್ ಮಾಡಿದಳು. ಹತ್ತನೆಯ ಕಂತು ಅಚ್ಚಾಗಿ ಹೋಗಿತ್ತು. ಅದರಲ್ಲಿ ಮಗಳ ಕೈಯಲ್ಲಿ ಲೋಟವಿತ್ತು. ಇನ್ನು ಉಳಿದದ್ದು ಕೊನೆಯದೊಂದೇ. ಶನಿವಾರದೊಳಗೆ ತಲುಪಬೇಕು ಎಂದರು.

ಮರುದಿನವೇ ಅವಳು ನರಸೀಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು ಹಿಂದೆ ಸರಿದವು. ತಪ್ಪಾಯ್ತು ಅಂದರೆ ಸಾಕೇ? ಯಾವ ಮುಖ ಹೊತ್ತು ಆ ಹೊಸಿಲು ದಾಟಲಿ, ತಂದೆ ನಂಜುಂಡೇಶ್ವರ...

ಬಾಗಿಲು ತೆರೆದವನು ನಂಜೇಶ್. "ಕೊನೇ ಕಂತಿಗೆ ಸರಕು ಸಾಲದಾಯ್ತಾ?"

ಆ ಮಾತಿಗೆ ಅವಳು ಅರ್ಹಳಾಗಿದ್ದಳು. ತಲೆ ತಗ್ಗಿಸಿ ಒಳಗೆ ನೋಡಿದಳು. ನಡುಮನೆಯ ಕಂಬಕ್ಕೊರಗಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಕೆನ್ನೆಯ ಮೂಳೆ ಎದ್ದಿತ್ತು.

"ಮಧುಶ್ರೀ, ಕುಡಿಯೋಕೆ ನೀರು ಕೊಡ್ತೀಯಾ ತಾಯಿ?"

ಹುಡುಗಿ ನಂಬದವಳಂತೆ ನೋಡಿದಳು. ಎದ್ದು ಹೋಗಿ ತಂಬಿಗೆ ತಂದಳು. ನಯನ ಅಷ್ಟನ್ನೂ ಕುಡಿದಳು. ಖಾಲಿ ತಂಬಿಗೆಯನ್ನು ಅವಳ ಕೈಗೆ ಕೊಟ್ಟಳು.

"ಆ ಕಥೆ ಬರೆದವಳು ನಾನು. ನಿನ್ನ ಕೇಳದೆ, ಏನೂ ತಿಳೀದೆ ಬರೆದೆ."

ಮಧುಶ್ರೀ ತಂಬಿಗೆಯ ಅಂಚನ್ನು ಸವರಿದಳು.

"ನಿಮ್ಮ ಹೂವಿನ ಅಜ್ಜಿ ಹೇಳಿದ್ದು ನಿಜ ಅಕ್ಕ. ಅವ್ವ ತಾವಾಗಿ ಕುಡೀಲಿಲ್ಲ. ನಾನೇ ಕುಡಿಸಿದ್ದು."

"ಮಧು..." ನಂಜೇಶ್ ಮುಂದೆ ಬಂದ.

"ಅವ್ವನಿಗೆ ಮರೆವು ಬಂದಿತ್ತು ಅಣ್ಣ. ನೀನು ಬೆಳಿಗ್ಗೆ ಅಂಗಡಿಗೆ ಹೋದ್ರೆ ರಾತ್ರಿ ಬರ್ತಿದ್ದೆ. ನಿನಗೆ ಗೊತ್ತಾಗ್ದಂಗೆ ನೋಡ್ಕೊಂಡೆ. ಒಂದಿನ ನೆಟ್ಟಗಿದ್ದಾಗ ಅವ್ವಾನೇ ಅಂದ್ರು, ಯಾರಿಗೂ ಹೇಳ್ಬೇಡ ಮಗಾ, ಪೂಜೆ ಮರೆತೋಳು ಅನ್ನಿಸ್ಕೊಂಡು ಸಾಯಕ್ಕೆ ಆಗಲ್ಲ ಅಂತ."

ಅವಳು ತಂಬಿಗೆ ಕೆಳಗಿಟ್ಟಳು.

"ಗಂಜಿ ಹಿಡ್ಕೊಂಡು ಹೋದ್ರೆ ಪೂಜೆ ಆಗಿಲ್ಲ ಅಂತ ಲೋಟ ತಳ್ಳೋರು. ಪೂಜೆಗೆ ಕೂರಿಸಿದ್ರೆ ಅಂಗೈಲಿ ಲಿಂಗ ಇಟ್ಕೊಂಡು, ಮುಂದೆ ಏನು ಮಾಡ್ಬೇಕು ಅಂತ ನನ್ನ ಮುಖ ನೋಡೋರು. ನಾನು ಹೇಳಿಕೊಟ್ರೆ, ನೀನ್ಯಾರೇ ನನಗೆ ಹೇಳಕ್ಕೆ ಅಂತ ಎದ್ದುಬಿಡೋರು. ಎರಡು ದಿನ ಹೊಟ್ಟೆಗೆ ಏನೂ ಇಲ್ಲ. ಮೂರನೇ ದಿನ ನಾನು ಸುಳ್ಳು ಹೇಳ್ದೆ. ಪೂಜೆ ಈಗ ತಾನೇ ಆಯ್ತಲ್ಲವ್ವ, ಕುಡೀರಿ ಅಂದೆ. ಹೌದಾ ಮಗಾ, ಆಯ್ತಾ ಅಂದ್ರು. ನಕ್ಕು ಅರ್ಧ ಲೋಟ ಕುಡಿದ್ರು. ಮಲಗಿದೋರು ಏಳಲಿಲ್ಲ."

ಅವಳು ನಯನಳ ಕಡೆ ತಿರುಗಿದಳು.

"ವಿಷ ಹಾಕಿಲ್ಲ ಅಕ್ಕ. ಆದ್ರೆ ಐವತ್ತು ವರ್ಷದ ನೇಮ ನನ್ನ ಸುಳ್ಳಿಂದ ಮುರೀತು. ಪೂಜೆ ಇಲ್ದೆ ಕಳಿಸ್ಬಿಟ್ಟೆ."

ನಂಜೇಶ್ ತಂಗಿಯ ಎದುರು ನೆಲದ ಮೇಲೆ ಕೂತ.

"ನಾನು ನಂಜನಗೂಡಿಗೆ ಇವರನ್ನ ಬೈಯಕ್ಕೆ ಹೋಗಿರ್ಲಿಲ್ಲ ಮಧು... ನಿಜವಾಗ್ಲೂ ಕೇಳಕ್ಕೇ ಹೋಗಿದ್ದೆ. ಆ ಕಂತು ಓದಿದ ದಿನ ಅಂಗಡೀಲಿ ಹುಳದ ಔಷಧಿ ಡಬ್ಬಿಗಳನ್ನ ಎಣಿಸ್ದೆ. ಯಾವುದಾದ್ರೂ ಕಮ್ಮಿ ಇದೆಯಾ ಅಂತ..."

"ಗೊತ್ತು ಅಣ್ಣ. ಬುತ್ತಿ ತಂದಿದ್ದೆ ಅವತ್ತು. ನೀನು ಎಣಿಸೋದು ನೋಡಿ, ಬಾಗಿಲಲ್ಲೇ ಇಟ್ಟು ಬಂದೆ." ತಂಗಿ ಮೆಲ್ಲಗೆ ಹೇಳಿದಳು. "ಅವತ್ತಿಂದಾನೇ ಊಟ ಸೇರ್ತಿಲ್ಲ."

ಅಣ್ಣ ಮುಖ ಮುಚ್ಚಿಕೊಂಡು ಬಿಕ್ಕಿದ. ನಯನ ಆ ಕಡೆ ನೋಡಲಾರದೆ ಎದ್ದಳು. ಎದ್ದವಳನ್ನು ಮಧುಶ್ರೀಯ ಮಾತು ತಡೆಯಿತು.

"ಬರೀರಿ ಅಕ್ಕ. ಇದ್ದದ್ದು ಇದ್ದ ಹಾಗೆ."

"ಅವ್ವ ಹೇಳ್ಬೇಡ ಅಂದಿದ್ರು ಅಂದೆಯಲ್ಲ."

"ಮಗಳು ಕೊಂದಳು ಅನ್ನೋದಕ್ಕಿಂತ, ತಾನು ಮರೆತೆ ಅನ್ನೋದನ್ನ ಅವ್ವ ಒಪ್ಕೋತಾರೆ." ಅವಳ ತುಟಿಯ ಮೂಲೆ ಸಣ್ಣಗೆ ಕೊಂಕಿತು. "ಹೆಸ್ರು ಬದಲಾಯಿಸೋದು ಹೆಂಗೂ ನಿಮಗೆ ಅಭ್ಯಾಸ."

ಮೂರು ದಿನ ನಯನ ಕಿಟಕಿಯ ಬಳಿ ಕೂತಳು. ಯಾವಾಗಲೂ ಕೊನೆಯಿಂದ ಹಿಂದಕ್ಕೆ ನಡೆಯುತ್ತಿದ್ದವಳಿಗೆ ಈ ಸಲ ನಿಲ್ಲಲು ನೆಲವಿರಲಿಲ್ಲ. ಬೆರಳು ತೋರಿಸಲು ಯಾರೂ ಇಲ್ಲ. ಕೊಲೆಯೇ ಇಲ್ಲ.

ಪೂಜೆಯಾಗದೆ ಕುಡಿಯುವುದಿಲ್ಲ ಎಂಬ ನೇಮ ಅವಳಿಗೆ ಗೊತ್ತಿತ್ತು. ಆ ನೇಮ ಹೊತ್ತ ಜೀವ ಒಂದು ದಿನ ದಣಿಯುತ್ತದೆ ಎನ್ನುವುದು ಮಾತ್ರ ತೋಚಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಸೋಪಾನದಲ್ಲಿ ಮುಳುಗೆದ್ದಾಗ ಚಾಮುಂಡಮ್ಮನ ದನಿ ತಾನಾಗಿ ಬಂತು. ಒದ್ದೆ ಕೂದಲಲ್ಲೇ ಬಂದು ಬರೆದಳು.

'ತಪ್ಪಾಯ್ತು ನನ್ನವ್ವ. ಪೂಜೆ ಮಾಡೋರ ಕಂಡಿದ್ದೆ. ಪೂಜೆ ಮರೆತೋರ ಕಂಡಿರ್ಲಿಲ್ಲ. ನೀನು ಹೇಳಿದ ಸುಳ್ಳನ್ನೇ ಶಿವ ಪೂಜೆ ಅಂತ ಇಸ್ಕೊಂಡಿರ್ತಾನೆ.' ಕಥೆಯೊಳಗಿನ ಅಜ್ಜಿ ಮಗಳ ಕಾಲು ಹಿಡಿದಳು. ಜಗಲಿಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ. ಕೊನೆಗೆ ಕಪಿಲಾ ಎಂಬುದನ್ನು ಹೊಡೆದುಹಾಕಿ, ನಯನ, ನಂಜನಗೂಡು ಎಂದು ಬರೆದಳು.

"ಕೊಲೆಗಾರನೇ ಇಲ್ಲದ ಪತ್ತೇದಾರಿನಾ ಮೇಡಂ?" ಸಂಪಾದಕರು ಫೋನಿನಲ್ಲಿ ನಿಟ್ಟುಸಿರಿಟ್ಟರು. ಬದಲಿ ಹಾಕಲು ಸಮಯವಿಲ್ಲದೆ ಅಚ್ಚು ಮಾಡಿದರು. ಮತ್ತೆ ಧಾರಾವಾಹಿ ಕೇಳಲಿಲ್ಲ.

ಆದರೆ ನರಸೀಪುರದ ಬೀದಿ ಬದಲಾಗಲಿಲ್ಲ. ಅನುಮಾನವನ್ನು ಓದಿದಷ್ಟು ಬೇಗ ಕ್ಷಮೆಯನ್ನು ಯಾರೂ ಓದಲಿಲ್ಲ. ಬಿಂದಿಗೆಗಳು ಸರಿಯುತ್ತಲೇ ಇದ್ದವು.

ನಂಜೇಶ್ ಸೋಮವಾರಗಳಂದು ದೇವಸ್ಥಾನಕ್ಕೆ ಬಂದವನು ಅವಳ ಮೆಟ್ಟಿಲ ಬಳಿ ನಿಲ್ಲುವನು. ಒಳಗೆ ಬಾರನು.

"ನೆನ್ನೆ ಒಂದು ಮುದ್ದೆ ಉಂಡಳು" ಎನ್ನುವನು. ಇನ್ನೊಂದು ವಾರ, "ಮಾತಾಡಿದ್ಲು. ನಿಮ್ಮ ಕೇಳಿದ್ಲು" ಎನ್ನುವನು. ಅವನು ಹೋದ ಮೇಲೆ ನಯನ ಆ ಒಂದು ಸಾಲನ್ನು ಇಡೀ ವಾರ ಮನಸ್ಸಿನಲ್ಲಿ ಓದಿಕೊಳ್ಳುವಳು. ಡಬ್ಬಿಗೆ ಹಾಕುತ್ತಿರಲಿಲ್ಲ.

ಅಂಥದೊಂದು ಸೋಮವಾರ ಮಲ್ಲಾಜಮ್ಮ ಬತ್ತಿಯ ಬುಟ್ಟಿ ಪಕ್ಕಕ್ಕಿಟ್ಟರು. "ನೀ ಬರೆದ್ರೆ ಏನಾಯ್ತದೆ? ಹಣೆ ನೋಡಿ ಬಂದು ಹೇಳಿದ ಬಾಯಿ ನಂದು. ನಡಿ, ಹೋಗವ."

ನರಸೀಪುರದ ಬೀದಿಯಲ್ಲಿ, ನಲ್ಲಿಯೆದುರಿನ ಜಗಲಿಯ ಮೇಲೆ, ಎಲ್ಲರಿಗೂ ಕಾಣುವಂತೆ ಮುದುಕಿ ಚಕ್ಕಳಮಕ್ಕಳ ಹಾಕಿ ಕೂತರು.

"ಮಧು, ಬೆಳಗಿಂದ ಹೊಟ್ಟೆಗೇನೂ ಬಿದ್ದಿಲ್ಲ ಕಣವ್ವ. ನಿಮ್ಮವ್ವಂಗೆ ಕೊಟ್ಟ ಲೋಟದಲ್ಲೇ ಗಂಜಿ ಕೊಡು."

ಹುಡುಗಿ ಅದೇ ಲೋಟ ತೊಳೆದು ಗಂಜಿ ತಂದಳು. ಮಲ್ಲಾಜಮ್ಮ ಗುಟುಕು ಗುಟುಕಾಗಿ ಕುಡಿದರು. ಖಾಲಿ ಲೋಟವನ್ನು ಬೀದಿಯ ಕಡೆ ತಿರುಗಿಸಿ ತೋರಿಸಿದರು.

"ನೋಡ್ಕೊಳ್ರವ್ವಾ, ಬದುಕಿವ್ನಿ. ಉಪ್ಪು ಸ್ವಲ್ಪ ಕಮ್ಮಿ, ಅಷ್ಟೇ."

ನಲ್ಲಿಯ ಬಳಿ ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದುರು ಮನೆಯ ರಾಮಮ್ಮ ಬಿಂದಿಗೆ ಇಳಿಸಿ ಬಂದು, ಜಗಲಿಯ ತುದಿಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಕೇಳಿದಳು. "ನಂಗೂ ಒಂದು ಲೋಟ ಕೊಡು ಮಗಾ."

ಅವತ್ತು ಬಂದವಳು ಅವಳೊಬ್ಬಳೇ. ಮುರಿದ ಸಂಬಂಧ ಮತ್ತೆ ಕೂಡಲಿಲ್ಲ. ಆದರೂ ಅಂದು ಮಧುಶ್ರೀ ಅಣ್ಣನ ಪಕ್ಕ ತಟ್ಟೆ ಹಾಕಿಕೊಂಡು ಕೂತು ಉಂಡಳು.

ಸಂಜೆ ನಂಜೇಶ್ ನಯನಳೊಡನೆ ಹೊಳೆಯ ದಂಡೆಯವರೆಗೆ ನಡೆದ. ಕಪಿಲೆ ಕಾವೇರಿಯೊಳಗೆ ಸದ್ದಿಲ್ಲದೆ ಇಳಿಯುತ್ತಿದ್ದಳು.

"ನಿಮ್ಮ ಮೇಲೆ ಸಿಟ್ಟಿಟ್ಕೊಳ್ಳೋಕೆ ತುಂಬಾ ನೋಡ್ದೆ" ಎಂದ ಅವನು. "ಅವತ್ತು ಆ ತಂಬಿಗೆ ನೀರು ಪೂರ್ತಿ ಕುಡಿದ್ರಲ್ಲ, ಆಮೇಲೆ ಆಗ್ಲಿಲ್ಲ."

"ನನಗೆ ನನ್ನ ಮೇಲಿನ ಸಿಟ್ಟು ಹೋಗಿಲ್ಲ."

"ಹೋಗ್ದೆ ಇರ್ಲಿ. ನನ್ನದೂ ಹೋಗಿಲ್ಲ. ಡಬ್ಬಿ ಎಣಿಸಿದ ಕೈ ಇದು." ಅವನು ಅಂಗೈ ನೋಡಿಕೊಂಡ. "ಇಬ್ರೂ ಅದನ್ನ ಒಂದೇ ಮನೇಲಿ ಹೊತ್ಕೊಂಡಿರೋಣ ಅನ್ನಿಸ್ತು. ನಿಮ್ಮ ದೊಡ್ಡಮ್ಮನ್ನ ಕೇಳ್ಲಾ?"

ನಯನಳ ಕಣ್ಣು ತುಂಬಿ ಹೊಳೆ ಕಾಣದಾಯಿತು.

"ಕೇಳಿ. ನನ್ನನ್ನ ಕೇಳಿದ್ರೆ ಹೂಂ ಅಂತೀನಿ."

ನಂಜೇಶ್ ದಂಡೆಯ ಕಲ್ಲಿನ ಮೇಲೆ ಕೂತ.

"ಒಂದೇ ಭಯ ಕಣ್ರೀ" ಎಂದ ಅವನು ಮೆಲ್ಲಗೆ. "ಅವ್ವನ ಹಾಗೆ ನನಗೂ ಮುಂದೆ ಮರೆವು ಬಂದ್ರೆ? ಲಿಂಗ ಕೈಲಿ ಹಿಡ್ಕೊಂಡು, ಏನು ಮಾಡ್ಬೇಕು ಅಂತ ನಿಮ್ಮ ಮುಖ ನೋಡಿದ್ರೆ?"

ನಯನ ಅವನ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಪೂಜೆ ಆಯ್ತು, ಊಟಕ್ಕೆ ಏಳಿ ಅಂತೀನಿ."